ನಿಮ್ಮ ಹತ್ತಿರ ಬರುವವರು ಎಂಥ ಹುಡುಗಿಯರು?

ಮದುವೆ ಮನೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ, ನನ್ನ ಕೆಲಸ ಏನೆಂದು ಗೊತ್ತಾದ ಮೇಲೆ ಜನ ದನಿ ತಗ್ಗಿಸಿ ಕೇಳುವುದು ಒಂದೇ ಪ್ರಶ್ನೆ: “ನಿಮ್ಮ ಹತ್ತಿರ ಬರುವವರು ಎಂಥ ಹುಡುಗಿಯರು, ಮೇಡಂ?” ಉತ್ತರವನ್ನು ಅವರು ಮೊದಲೇ ಇಟ್ಟುಕೊಂಡಿರುತ್ತಾರೆ. ಕಾಲೇಜಿಗೆಂದು ಮನೆ ಬಿಟ್ಟು, ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಯಾರದೋ ಬೈಕಿನ ಹಿಂದೆ ಕೂತು ಹೋದವಳು. ಮೊಬೈಲ್ ಕೊಡಿಸಿ ಕೆಟ್ಟವಳು. ನಾನು ಹೌದೆಂದು ತಲೆಯಾಡಿಸಿದರೆ ಸಾಕು, ಕಾಲ ಕೆಟ್ಟಿತು ಎಂಬ ಮಾತು ಶುರುವಾಗಿ ಊಟ ಮುಗಿಯುವವರೆಗೂ ನಡೆಯುತ್ತದೆ.

ನಾನು ತಲೆಯಾಡಿಸುವುದಿಲ್ಲ. ಬಸುರಿನ ವಿಷಯಕ್ಕೆ ನನ್ನ ಎದುರು ಬಂದು ಕೂರುವ ಹದಿಹರೆಯದ ಹುಡುಗಿಯರಲ್ಲಿ ಹೆಚ್ಚಿನವರ ಕೊರಳಲ್ಲಿ ತಾಳಿ ಇರುತ್ತದೆ. ಪಕ್ಕದಲ್ಲಿ ಅತ್ತೆ ಇರುತ್ತಾಳೆ. ಊರಿಗೆಲ್ಲ ಊಟ ಹಾಕಿ, ಬ್ಯಾಂಡ್ ಬಾರಿಸಿ, ಫ್ಲೆಕ್ಸ್ ಕಟ್ಟಿಸಿ ಮಾಡಿಕೊಟ್ಟ ಮದುವೆಯ ಫಲ ಅದು. ಆ ಊಟಕ್ಕೆ ಪ್ರಶ್ನೆ ಕೇಳಿದವರೂ ಹೋಗಿರುತ್ತಾರೆ.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಹತ್ತರಿಂದ ಹತ್ತೊಂಬತ್ತು ವರ್ಷದವರ ಆರೋಗ್ಯಕ್ಕಾಗಿ 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವನ್ನು ಆರಂಭಿಸಿತು. ಅದರ ಭಾಗವಾಗಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ನಡೆಯುವ ಕೊಠಡಿಗಳಿಗೆ ನಮ್ಮ ರಾಜ್ಯದಲ್ಲಿ ಸ್ನೇಹ ಕ್ಲಿನಿಕ್ ಎಂದು ಹೆಸರು. ರಾಯಚೂರು ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ಅಂಥ ಕೊಠಡಿಯಲ್ಲಿ ನಾನು ಆಪ್ತ ಸಮಾಲೋಚಕಿ. ನಮ್ಮದಕ್ಕೆ ತಾಗಿಕೊಂಡೇ ಎಚ್‌ಐವಿ ಪರೀಕ್ಷೆಯ ಕೊಠಡಿ ಇದೆ. ಹಾಗಾಗಿ ಈ ಕಾರಿಡಾರಿಗೆ ಕಾಲಿಟ್ಟವರನ್ನು ಕಂಡವರು ಎರಡು ಸಲ ಅನುಮಾನಿಸುತ್ತಾರೆ. ಹುಡುಗಿಯರು ಮೊದಲು ಕಣ್ಣಿನ ವಿಭಾಗದ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತು, ಗುರುತಿನವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಒಳಗೆ ಬರುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯಿಂದ ಒಬ್ಬರೇ ಬರುವವರು ಹೆಚ್ಚಾದರು. ಬಸ್ ಚಾರ್ಜಿಗೆ ಅಪ್ಪನ ಮುಂದೆ ಕೈಯೊಡ್ಡಿ ಕಾರಣ ಹೇಳಬೇಕಾಗಿಲ್ಲವಲ್ಲ. ಆ ಯೋಜನೆಯನ್ನು ಬೈಯುವವರ ಜೊತೆ ನಾನು ವಾದಕ್ಕಿಳಿಯುವುದು ಈ ಒಂದು ಕಾರಣಕ್ಕೆ.

ಹೀಗೆ ಬರುವವರಲ್ಲಿ ಬಹಳಷ್ಟು ಮಂದಿಗೆ ಬೇಕಾಗಿರುವುದು ಸಣ್ಣ ಸಂಗತಿ. ಮುಟ್ಟು ಸರಿಯಾಗಿ ಆಗುತ್ತಿಲ್ಲ, ಬಿಳಿ ಹೋಗುತ್ತದೆ, ಮುಖದ ಮೇಲೆ ಮೊಡವೆ, ಶಾಲೆಯಲ್ಲಿ ಕೊಡುವ ನೀಲಿ ಕಬ್ಬಿಣದ ಮಾತ್ರೆ ನುಂಗಿದರೆ ವಾಂತಿ. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಜನ ಕೇಳುವುದು ಬಸುರಿನ ಬಗ್ಗೆ, ಅದನ್ನೇ ಹೇಳುತ್ತೇನೆ.

ಒಂದು ಮಾದರಿಯನ್ನು ಕೊಡುತ್ತೇನೆ. ಯಾರೊಬ್ಬರದೂ ಅಲ್ಲ, ಹಲವರದು ಸೇರಿದ್ದು. ಆಧಾರ್ ಪ್ರಕಾರ ಹದಿನೆಂಟು ತುಂಬಿ ಎರಡು ತಿಂಗಳಾದ ಹುಡುಗಿ. ಮದುವೆಯಾಗಿ ಎಂಟು ತಿಂಗಳು. ಲೆಕ್ಕ ನೀವೇ ಹಾಕಿಕೊಳ್ಳಿ. ಅತ್ತೆ ಹೇಳುತ್ತಾಳೆ: “ಇನ್ನೂ ನಿಂತಿಲ್ಲ ತಾಯಿ. ಓಣಿಯವರೆಲ್ಲ ಏನಾದರೂ ವಿಶೇಷ ಇದೆಯೇ ಎಂದು ಕೇಳುತ್ತಾರೆ. ಒಂದು ಮಾತ್ರೆ ಬರೆಸಿಕೊಡಿ.” ಗರ್ಭ ತಡೆಯುವ ಬಗ್ಗೆ ಸಲಹೆ ಕೊಡಲು ಸಂಬಳ ಪಡೆಯುವವಳ ಹತ್ತಿರ ಗರ್ಭ ನಿಲ್ಲುವಂತೆ ಮಾಡುವ ಮಾತ್ರೆ ಕೇಳಲು ಬಂದಿದ್ದಾರೆ. ಹುಡುಗಿ ನೆಲ ನೋಡುತ್ತಿರುತ್ತಾಳೆ. ಅವಳಿಗೆ ಈಗಲೇ ಮಗು ಬೇಕೋ ಬೇಡವೋ ಎಂದು ಆ ಮನೆಯಲ್ಲಿ ಯಾರೂ ಕೇಳಿಲ್ಲ. ಅತ್ತೆಯ ಎದುರಿಗೆ ನಾನೂ ಕೇಳುವುದಿಲ್ಲ.

ಮೊದಲು ರಕ್ತ ಪರೀಕ್ಷೆಗೆ ಕಳಿಸುತ್ತೇನೆ. ನಮ್ಮ ಕಡೆಯ ಈ ವಯಸ್ಸಿನ ಹುಡುಗಿಯರಲ್ಲಿ ಹಿಮೋಗ್ಲೋಬಿನ್ ಎಂಟೋ ಒಂಬತ್ತೋ ಇರುವುದು ಅಪರೂಪವಲ್ಲ. ಇರಬೇಕಾದದ್ದು ಕನಿಷ್ಠ ಹನ್ನೆರಡು ಗ್ರಾಂ. ಆ ಚೀಟಿಯೇ ನನ್ನ ಆಯುಧ. “ಅಮ್ಮಾ, ಈ ರಕ್ತದಲ್ಲಿ ಬಸುರಿಯಾದರೆ ಹೆರಿಗೆಯ ಹೊತ್ತಿಗೆ ರಕ್ತ ಹುಡುಕಿಕೊಂಡು ರಾಯಚೂರಿಗೆ ಓಡಬೇಕಾಗುತ್ತದೆ. ಮೊದಲು ರಕ್ತ ಏರಲಿ. ಅಲ್ಲಿಯವರೆಗೆ ನಿಲ್ಲದ ಹಾಗೆ ನೋಡಿಕೊಳ್ಳೋಣ.” ಅತ್ತೆ ಒಪ್ಪುತ್ತಾಳೆ. ಎಳೆಯ ತಾಯಂದಿರಲ್ಲಿ ರಕ್ತದೊತ್ತಡ ಏರಿ ಫಿಟ್ಸ್ ಬರುವುದು, ಮಗುವಿನ ತೂಕ ಕಡಿಮೆಯಾಗುವುದು ಹೆಚ್ಚು ಎಂಬುದನ್ನೂ ಸೇರಿಸುತ್ತೇನೆ. ಯಾವುದೂ ಸುಳ್ಳಲ್ಲ. ಆದರೆ ಈ ದಾರಿಯನ್ನು ಆರಿಸಿಕೊಳ್ಳುವುದಕ್ಕೆ ಇನ್ನೊಂದು ಕಾರಣವಿದೆ. ನನಗೆ ಈಗಲೇ ಮಗು ಬೇಡ ಎಂದು ಸೊಸೆ ಬಾಯಿಬಿಟ್ಟು ಹೇಳಿದರೆ ಅಪವಾದ ಅವಳ ಮೇಲೆ ಬರುತ್ತದೆ. ರಕ್ತ ಕಡಿಮೆ ಎಂದು ನಾನು ಹೇಳಿದರೆ ಅದು ಲ್ಯಾಬಿನ ಯಂತ್ರದ ಮೇಲೆ ಹೋಗುತ್ತದೆ. ಯಂತ್ರದ ಜೊತೆ ಜಗಳವಾಡಲು ಯಾವ ಅತ್ತೆಗೂ ಬರುವುದಿಲ್ಲ. ಹಕ್ಕಿನ ಭಾಷೆಯಲ್ಲಿ ಮಾತಾಡಬೇಕೆಂದು ತರಬೇತಿಯಲ್ಲಿ ಹೇಳಿಕೊಟ್ಟವರಿಗೆ ಇದು ಹಿಡಿಸಲಿಕ್ಕಿಲ್ಲ. ಹಿಡಿಸದಿದ್ದರೆ ಇರಲಿ. ಆ ಹುಡುಗಿಗೆ ಒಂದು ವರ್ಷ ಸಿಕ್ಕಿತು.

ನಂತರ ಯಾವ ವಿಧಾನ ಎಂಬ ಪ್ರಶ್ನೆ. ಅತ್ತೆಯನ್ನು ಮಾತ್ರೆ ತರಲು ಔಷಧ ಕೊಡುವ ಕಿಟಕಿಗೆ ಕಳಿಸಿ ಹುಡುಗಿಯ ಜೊತೆ ಒಂಟಿಯಾಗಿ ಮಾತಾಡುವ ಸಮಯ ಅದು. ಆ ಕಿಟಕಿಯ ಸಾಲು ಉದ್ದವಾಗಿದ್ದಷ್ಟೂ ನನಗೆ ಒಳ್ಳೆಯದು. ಮೊದಲ ಹೆರಿಗೆಗೆ ಮುಂಚೆ ಮಾತ್ರೆ ನುಂಗಿದರೆ ಗರ್ಭಕೋಶ ಒಣಗಿಹೋಗುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಹಾಗಾಗುವುದಿಲ್ಲ, ಮಾತ್ರೆ ಬಿಟ್ಟರೆ ಬಸುರು ನಿಲ್ಲುತ್ತದೆ ಎಂದು ಹೇಳುತ್ತೇನೆ. ಮಾಲಾ-ಎನ್ ದಿನವೂ ನುಂಗಬೇಕಾದದ್ದು: ಇಪ್ಪತ್ತೆಂಟರ ಪಟ್ಟಿಯಲ್ಲಿ ಇಪ್ಪತ್ತೊಂದು ಹಾರ್ಮೋನಿನವು, ಉಳಿದ ಏಳು ಕಬ್ಬಿಣದವು. ರಕ್ತ ಕಡಿಮೆ ಇರುವವಳಿಗೆ ಆ ಏಳೂ ಲಾಭವೇ. ಛಾಯಾ ಮಾತ್ರೆಯಲ್ಲಿ ಹಾರ್ಮೋನ್ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಅಂತರ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ಮನೆಯಲ್ಲಿ ಪಟ್ಟಿ ಅಡಗಿಸಿಡಲು ಜಾಗವಿಲ್ಲದವರು ಇದನ್ನೇ ಕೇಳುತ್ತಾರೆ. ಆದರೆ ಬಿಟ್ಟ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗಬಹುದು ಎಂಬುದನ್ನು ಮುಂಚೆಯೇ ಹೇಳಬೇಕು. ಹೇಳದಿದ್ದರೆ ಅವಳು ಬಂಜೆ ಎನ್ನಿಸಿಕೊಳ್ಳುತ್ತಾಳೆ. ಇವೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ನಿರೋಧ್ ಕೂಡ ಉಚಿತ, ಆದರೆ ಅದು ಗಂಡನ ಮನಸ್ಸಿನ ಮಾತು.

ಗಂಡ ಎಲ್ಲಿದ್ದಾನೆ? ಬಹಳ ಸಲ ಬೆಂಗಳೂರಿನಲ್ಲಿ, ಕಟ್ಟಡದ ಕೆಲಸಕ್ಕೆ ಗುಳೆ ಹೋಗಿರುತ್ತಾನೆ. ಯುಗಾದಿಗೆ, ಊರ ಜಾತ್ರೆಗೆ, ಮೊಹರಂಗೆ ಮರಳುತ್ತಾನೆ. ಮುದಗಲ್ಲಿನ ಮೊಹರಂ ಎಂದರೆ ಆ ಭಾಗದ ಹಿಂದೂ ಮುಸ್ಲಿಂ ಎಲ್ಲರೂ ಊರಿಗೆ ಬರುವ ಹಬ್ಬ. ಐದಾರು ದಿನಕ್ಕಾಗಿ ಬರುವ ಗಂಡನಿಗೋಸ್ಕರ ವರ್ಷವಿಡೀ ಮಾತ್ರೆ ಏಕೆ ಎಂದು ಹುಡುಗಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅಂಥವರಿಗೆ ನಿರೋಧ್ ಪೊಟ್ಟಣ ಕೊಟ್ಟು, ತುರ್ತು ಮಾತ್ರೆಯ ಬಗ್ಗೆ ಹೇಳಿರುತ್ತೇನೆ: ಎಪ್ಪತ್ತೆರಡು ಗಂಟೆಯೊಳಗೆ, ಬೇಗ ನುಂಗಿದಷ್ಟೂ ಒಳ್ಳೆಯದು, ಆಗಲೇ ನಿಂತ ಗರ್ಭವನ್ನು ಅದು ಇಳಿಸುವುದಿಲ್ಲ. ಈ ಕೊನೆಯ ಮಾತನ್ನು ಎರಡು ಸಲ ಹೇಳುತ್ತೇನೆ. ಗರ್ಭ ಇಳಿಸುವ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದು ನುಂಗಿ, ರಕ್ತಸ್ರಾವ ನಿಲ್ಲದೆ ಇಲ್ಲಿಗೆ ಬರುವವರು ಆ ಎರಡನ್ನೂ ಒಂದೇ ಎಂದುಕೊಂಡಿರುತ್ತಾರೆ.

ಗುಳೆಯ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಮದುವೆಯೇ ಬೇಗ ಆಗುವುದಕ್ಕೂ ಅದೇ ಕಾರಣ. ತಂದೆತಾಯಿ ಇಬ್ಬರೂ ದುಡಿಯಲು ಹೋಗಬೇಕು, ಮನೆಯಲ್ಲಿ ಮೈನೆರೆದ ಮಗಳು, ಕಾಯಲು ಕಣ್ಣು ಮಂಜಾದ ಅಜ್ಜಿ. ಬೆಂಗಳೂರಿಗೆ ಕರೆದುಕೊಂಡು ಹೋದರೆ ಬಾಗಿಲಿಲ್ಲದ ತಗಡಿನ ಶೆಡ್ಡು. ಹೈಸ್ಕೂಲು ಮುಗಿದ ಮೇಲೆ ಪಿಯುಸಿಗೆ ಪಕ್ಕದ ಊರಿಗೆ ಹೋಗಬೇಕು, ಸಂಜೆಯ ಬಸ್ಸು ಬಂದರೆ ಬಂತು. “ನೀವೇ ಹೇಳಿ ಮೇಡಂ, ಎಲ್ಲಿ ಬಿಡಲಿ?” ಎಂದು ತಾಯಿ ಕೇಳಿದಾಗ ನನ್ನ ಹತ್ತಿರ ಇರುವ ಉತ್ತರ ಹಾಸ್ಟೆಲ್ ಒಂದೇ. ಹಾಸ್ಟೆಲಿನಲ್ಲಿ ಸೀಟು ಸಿಕ್ಕ ಹುಡುಗಿಯ ಮದುವೆ ಮುಂದಕ್ಕೆ ಹೋಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅಂಥ ಒಂದು ಸೀಟು ಮಾಡುವ ಕೆಲಸವನ್ನು ನನ್ನ ಕಪಾಟಿನ ಮಾತ್ರೆಗಳೆಲ್ಲ ಸೇರಿದರೂ ಮಾಡಲಾರವು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ, ನಮ್ಮ ರಾಜ್ಯದ ಇಪ್ಪತ್ತರಿಂದ ಇಪ್ಪತ್ನಾಲ್ಕು ವರ್ಷದ ಹೆಂಗಸರಲ್ಲಿ ಐವರಿಗೊಬ್ಬಳಿಗಿಂತ ತುಸು ಹೆಚ್ಚು ಮಂದಿಗೆ ಹದಿನೆಂಟರೊಳಗೆ ಮದುವೆಯಾಗಿತ್ತು. ಅದರ ಹಿಂದಿನ ಸುತ್ತಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ನಮ್ಮ ಜಿಲ್ಲೆಯವರೇ ಆದ ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ ಬಾಲ್ಯವಿವಾಹದ ಬಗ್ಗೆ ಸರ್ಕಾರಕ್ಕೆ ವರದಿ ಕೊಟ್ಟದ್ದು 2011ರಲ್ಲಿ. ಆಮೇಲೆ ಬಂದ ರಾಜ್ಯದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಕರ್ನಾಟಕದಲ್ಲಿ ಆರಂಭದಿಂದಲೇ ಅಸಿಂಧು. ಕಾಗದದ ಮೇಲೆ ಆ ಮದುವೆ ಆಗಿಯೇ ಇಲ್ಲ. ಹೆರಿಗೆ ವಾರ್ಡಿನಲ್ಲಿ ಮಾತ್ರ ಮಗು ಅಳುತ್ತಿರುತ್ತದೆ.

ಇನ್ನು ಮದುವೆಯಾಗದವರು. ಬರುತ್ತಾರೆ, ಇಲ್ಲವೆನ್ನುವುದಿಲ್ಲ. ಅವರ ವಿಷಯದಲ್ಲಿ ನನ್ನ ಕೈ ಕಟ್ಟಿರುವುದು ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾಯ್ದೆ. 2012ರ ಆ ಕಾಯ್ದೆಯ ಪ್ರಕಾರ ಹದಿನೆಂಟರೊಳಗಿನವರ ಒಪ್ಪಿಗೆ ಒಪ್ಪಿಗೆಯಲ್ಲ, ಮತ್ತು ವಿಷಯ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಶಿಕ್ಷೆ ನನಗೆ. ಆದ್ದರಿಂದ ಹುಡುಗಿ ಬಾಯಿ ತೆರೆಯುವ ಮುಂಚೆಯೇ ಹೇಳಿಬಿಡುತ್ತೇನೆ: “ನೀನು ಹೇಳಿದ್ದನ್ನು ನಿನ್ನ ಅಪ್ಪನಿಗೂ ಮೇಷ್ಟ್ರಿಗೂ ಹೇಳುವುದಿಲ್ಲ. ಆದರೆ ಇಂಥ ವಿಷಯವಾದರೆ ಮುಚ್ಚಿಡುವ ಅಧಿಕಾರ ನನಗಿಲ್ಲ. ತಿಳಿದುಕೊಂಡು ಹೇಳು.” ಕೆಲವರು ಎದ್ದು ಹೋಗುತ್ತಾರೆ. ಎಲ್ಲಿಗೆ ಹೋಗುತ್ತಾರೆ ಎಂಬುದು ಆ ದಿನವಿಡೀ ತಲೆಯಲ್ಲಿ ಕೊರೆಯುತ್ತದೆ.

ಕಾನೂನು ಬೇಡವೆಂದು ನಾನು ಹೇಳುವುದಿಲ್ಲ. ಸೋದರಮಾವನೋ ಮೇಸ್ತ್ರಿಯೋ ಮುಟ್ಟಿದ ಹನ್ನೆರಡರ ಹುಡುಗಿಗೆ ಅದೇ ಆಸರೆ. ಅದೇ ಕಲಮು, ಹದಿನೇಳರ ಹುಡುಗಿ ಮೆಚ್ಚಿದ ಹತ್ತೊಂಬತ್ತರ ಹುಡುಗನನ್ನೂ ಜೈಲಿಗೆ ಹಾಕುತ್ತದೆ. ದೂರು ಕೊಟ್ಟವನು ಸಾಮಾನ್ಯವಾಗಿ ಹುಡುಗಿಯ ಅಪ್ಪ, ಜಾತಿ ಬೇರೆ ಎಂಬುದು ಸಾಮಾನ್ಯವಾಗಿ ಕಾರಣ. 2022ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಒಪ್ಪಿಗೆಯ ವಯಸ್ಸಿನ ಬಗ್ಗೆ ಮತ್ತೆ ಯೋಚಿಸುವಂತೆ ಕಾನೂನು ಆಯೋಗಕ್ಕೆ ಹೇಳಿತು. ಮರುವರ್ಷ ಆಯೋಗ ವಯಸ್ಸು ಇಳಿಸುವುದು ಬೇಡ ಎಂದಿತು. ಹದಿನಾರರಿಂದ ಹದಿನೆಂಟರವರ ಪ್ರಕರಣಗಳಲ್ಲಿ ಶಿಕ್ಷೆಯ ವಿಷಯವನ್ನು ನ್ಯಾಯಾಧೀಶರ ವಿವೇಚನೆಗೆ ಬಿಡಬಹುದು ಎಂದು ಸೂಚಿಸಿತು. ಗರ್ಭಪಾತದ ಮಟ್ಟಿಗೆ ಒಂದು ನೆಮ್ಮದಿ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಅಪ್ರಾಪ್ತೆಯೂ ಅವಳ ಪೋಷಕರೂ ಕೇಳಿಕೊಂಡರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಬರೆಯಬೇಕಾಗಿಲ್ಲ ಎಂದಿತು. ಇದು ಎಷ್ಟೋ ಆಸ್ಪತ್ರೆಗಳಿಗೆ ಗೊತ್ತಿಲ್ಲ. ತೀರ್ಪಿನ ಪ್ರತಿಯನ್ನು ಮೇಜಿನ ಖಾನೆಯಲ್ಲೇ ಇಟ್ಟುಕೊಂಡಿದ್ದೇನೆ.

ತಾಳಿ ಇರುವ ಹದಿನೇಳರವಳಿಗೂ ಇದೇ ಕಾನೂನು ಅನ್ವಯಿಸುತ್ತದೆ. ಹದಿನೆಂಟರೊಳಗಿನ ಹೆಂಡತಿಯೊಂದಿಗೆ ಕೂಡುವುದೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರ ಅಕ್ಟೋಬರ್‌ನಲ್ಲೇ ಹೇಳಿದೆ. ಇದರಿಂದ ಆದದ್ದೇನೆಂದರೆ ಮದುವೆ ನಿಂತದ್ದಕ್ಕಿಂತ ವಯಸ್ಸು ಏರಿದ್ದು ಹೆಚ್ಚು. ತಾಯಿ ಕಾರ್ಡಿನಲ್ಲಿ ಎಲ್ಲರಿಗೂ ಹತ್ತೊಂಬತ್ತು. ಇಲ್ಲವೇ ಆರು ತಿಂಗಳಾಗುವವರೆಗೆ ಆಶಾ ಕಾರ್ಯಕರ್ತೆಯ ಕಣ್ಣಿಗೂ ಬೀಳದಂತೆ ತವರಿನಲ್ಲಿ ಅಡಗಿಸಿಡುತ್ತಾರೆ. ಆರೈಕೆ ಬೇಕಾದ ತಿಂಗಳುಗಳೇ ಹೀಗೆ ಕಳೆದುಹೋಗುತ್ತವೆ.

ಹುಡುಗರ ಬಗ್ಗೆ ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಅವರು ಬರುವುದು ಗೋಡೆ ಬರಹಗಳನ್ನು ಓದಿ ಹೆದರಿ. ಗುಪ್ತರೋಗ, ನರದೌರ್ಬಲ್ಯ, ಒಂದು ಹನಿ ಧಾತುವಿಗೆ ನೂರು ಹನಿ ರಕ್ತ. ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತು ಗಳಿಸಿದ್ದನ್ನು ಲಾಡ್ಜಿನಲ್ಲಿ ಕೂತ ವೈದ್ಯನಿಗೆ ಕೊಟ್ಟು ಬಂದಿರುತ್ತಾರೆ. ಸ್ವಪ್ನಸ್ಖಲನ ರೋಗವಲ್ಲ ಎಂದು ನಾನು ಹೇಳಿದಾಗ, ಇಷ್ಟು ಸುಲಭವಾಗಿ ಹೇಳುವವಳನ್ನು ನಂಬುವುದು ಹೇಗೆ ಎಂಬಂತೆ ನೋಡುತ್ತಾರೆ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ, ಗರ್ಭನಿರೋಧಕಗಳ ಹೆಸರೂ ಇದೆ. ಮನೆಯಲ್ಲಿ ಓದಿಕೊಳ್ಳಿ ಎಂದು ಹಾಳೆ ಮಗುಚುವ ಮೇಷ್ಟ್ರುಗಳಿಂದಲೇ ಆ ಲಾಡ್ಜಿನ ವೈದ್ಯನ ಹೊಟ್ಟೆ ತುಂಬುತ್ತಿದೆ ಎಂಬುದು ನನ್ನ ಅಭಿಪ್ರಾಯ.

ಎಂಥ ಹುಡುಗಿಯರು ಎಂದು ಕೇಳಿದವರಿಗೆ ಇದರಲ್ಲಿ ಕಾಲು ಭಾಗ ಹೇಳುವಷ್ಟರಲ್ಲಿ ಅವರು ನಿಲ್ದಾಣ ಬಂತೆಂದು ಎದ್ದಿರುತ್ತಾರೆ. ಕೆಲವರು ಮಾತ್ರ ಆಮೇಲೆ ಫೋನ್ ಮಾಡುತ್ತಾರೆ. ಅವರ ಎರಡನೇ ಪ್ರಶ್ನೆಯೂ ಬಹುಮಟ್ಟಿಗೆ ಒಂದೇ: “ನಮ್ಮ ಅಕ್ಕನ ಮಗಳಿಗೆ ಹದಿನೇಳು ನಡೆಯುತ್ತಿದೆ, ಒಳ್ಳೆಯ ಸಂಬಂಧ ಬಂದಿದೆ, ಹುಡುಗ ನಮ್ಮ ಸಂಬಂಧಿಕರವನೇ. ಈ ಬಸವ ಜಯಂತಿಗೆ ಮಾಡಿಬಿಟ್ಟರೆ ಏನಾದರೂ ತೊಂದರೆಯಾಗುತ್ತದೆಯೇ?” ಆಗುತ್ತದೆ ಎನ್ನುತ್ತೇನೆ. ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಮಾಡಿಸಿದವರಿಗೂ, ಮಂತ್ರ ಹೇಳಿದವರಿಗೂ. ಪಂಚಾಯಿತಿಯ ಪಿಡಿಒ ಕೂಡ ಬಾಲ್ಯವಿವಾಹ ನಿಷೇಧಾಧಿಕಾರಿಯೇ, ಮತ್ತು ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. “ನೀವು ಮಾಡುವುದಿಲ್ಲವಲ್ಲ ಮೇಡಂ?” ಎಂದು ನಗುತ್ತಾರೆ. ಊರಿನ ಹೆಸರು ಹೇಳಿ ಎಂದು ನಾನು ಕೇಳುತ್ತೇನೆ.