ಕಾರ್ಸ್‌ಡೋರ್ಫ್‌ನ ಹಲ್ಲು, ಹಾಲೆಯ ಗೋರಿ

ಜರ್ಮನಿಯ ನೌಂಬುರ್ಗ್‌ನಿಂದ ಉನ್‌ಸ್ಟ್ರುಟ್ ನದಿಯ ಕಣಿವೆಯೊಳಗೆ ಹೋಗುವ ರೈಲಿಗೆ ಅವಸರವೆಂಬುದೇ ಇಲ್ಲ. ಫ್ರೈಬುರ್ಗ್, ಲೌಖಾ ಎಂದು ಊರೂರಿಗೂ ನಿಲ್ಲುತ್ತಾ ನದಿಯ ಮಗ್ಗುಲಲ್ಲೇ ಸಾಗುತ್ತದೆ. ಸುಣ್ಣಕಲ್ಲಿನ ಗುಡ್ಡಗಳಿಗೆ ಕಲ್ಲುಗೋಡೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ಬೆಳೆಸಿದ್ದಾರೆ. ಲೈಪ್‌ಜಿಗ್‌ನಲ್ಲಿ ಓದುತ್ತಿರುವ ಅಕ್ಕನ ಮಗಳು ನನ್ನ ಜೊತೆ ಹೊರಟದ್ದೇ ಫ್ರೈಬುರ್ಗ್‌ನಲ್ಲಿ ಇಳಿಯುವ ಆಸೆಯಿಂದ. "ಇಡೀ ಕಣಿವೇಲಿ ಕೋಟೆ ಇದೆ, ಆಕಾಶ ತಟ್ಟೆಯ ನೆಬ್ರಾ ಇದೆ. ನೀವು ನೋಡಿದ್ರೆ ಸಿಮೆಂಟ್ ಫ್ಯಾಕ್ಟರಿ ಊರಿಗೆ ಹೋಗೋಣ ಅಂತೀರಲ್ಲ ಮಾಮಾ!"

ಅವಳು ಹೇಳಿದ್ದು ಸುಳ್ಳಲ್ಲ. ಕಾರ್ಸ್‌ಡೋರ್ಫ್‌ನಲ್ಲಿ ಇಳಿದರೆ ಕಣ್ಣಿಗೆ ಬೀಳುವುದು ಕಾರ್ಖಾನೆಯೇ. ನಾನು ಬಂದದ್ದು ಸುಮಾರು 7000 ವರ್ಷದ ಹಿಂದೆ ಇಲ್ಲಿ ಬದುಕಿದ್ದ ಒಬ್ಬ ಗಂಡಸಿಗಾಗಿ. ಅವನ ಹಲ್ಲಿನೊಳಗೆ ಹೆಪಟೈಟಿಸ್ ಬಿ ವೈರಸ್ಸಿನ ಡಿಎನ್‌ಎ ಉಳಿದಿತ್ತು. ಅದನ್ನು ಸೂಚಿಸುವ ಫಲಕ ನಮಗೆಲ್ಲೂ ಕಾಣಲಿಲ್ಲ. ಉತ್ತ ಹೊಲದ ಅಂಚಿನಲ್ಲಿ ಸ್ವಲ್ಪ ದೂರ ನಡೆದೆವು, ಅಷ್ಟೆ. ಆದರೆ ಬೂಟಿಗೆ ಮೆತ್ತಿದ ಮಣ್ಣೇ ಅರ್ಧ ಕಥೆ ಹೇಳುತ್ತದೆ. ಗಾಳಿ ತಂದು ಪೇರಿಸಿದ ನುಣುಪಾದ ಲೋಯೆಸ್ ಮಣ್ಣನ್ನು ಹುಡುಕಿಕೊಂಡೇ ಯುರೋಪಿನ ಮೊದಲ ಬೇಸಾಯಗಾರರು ನೆಲೆಯೂರುತ್ತಿದ್ದರು. ಅವರ ಹಿರೀಕರು ಅನಟೋಲಿಯಾದವರು, ಇಂದಿನ ಟರ್ಕಿಯವರು; ಬಾಲ್ಕನ್ ದಾಟಿ ಡ್ಯಾನ್ಯೂಬ್ ಹಿಡಿದು ತಲೆಮಾರುಗಟ್ಟಲೆ ಮೇಲೆ ಬಂದವರು. ಸುಣ್ಣದಂಶವಿರುವ ಮಣ್ಣಿನಲ್ಲಿ ಎಲುಬು ಬೇಗ ಕರಗುವುದೂ ಇಲ್ಲ. ನಮ್ಮ ಕರಾವಳಿಯ ಜಂಬಿಟ್ಟಿಗೆ ಮಣ್ಣಿನ ಹುಳಿಗೆ ಸಿಕ್ಕಿದ್ದರೆ ಈ ಮನುಷ್ಯ ಎಂದೋ ಮಾಯವಾಗಿರುತ್ತಿದ್ದ.

ಕೀಲ್ ವಿಶ್ವವಿದ್ಯಾಲಯದ ಬೆನ್ ಕ್ರೌಜ಼-ಕ್ಯೋರಾ ಮತ್ತು ಸಂಗಡಿಗರು 53 ಅಸ್ಥಿಪಂಜರಗಳ ಹಲ್ಲುಗಳನ್ನು ಪರೀಕ್ಷಿಸಿ ಮೂರರಲ್ಲಿ ಈ ವೈರಸ್ಸನ್ನು ಕಂಡರು. ವರದಿ ಬಂದದ್ದು 2018ರಲ್ಲಿ. ಹಲ್ಲೇ ಯಾಕೆಂದರೆ, ಅದರ ತಿರುಳಿಗೆ ರಕ್ತ ಹರಿಯುತ್ತದೆ, ಮೇಲಿನ ಗಟ್ಟಿ ಕವಚ ಒಳಗಿನದನ್ನು ಕಾಯುತ್ತದೆ. ಮನುಷ್ಯನ ಜೀನೋಮ್, ಅಂದರೆ ಡಿಎನ್‌ಎಯ ಇಡೀ ಬರಹ, ಸುಮಾರು 300 ಕೋಟಿ ಅಕ್ಷರಗಳದ್ದು, ಈ ವೈರಸ್ಸಿನದು ಬರೀ 3200. ಹಳೆಯ ಡಿಎನ್‌ಎ ತುಂಡುತುಂಡಾಗಿರುತ್ತದೆ. ತುಂಡಿನ ತುದಿಗಳಲ್ಲಿ ಸೈಟೋಸಿನ್ ಎಂಬ ಅಕ್ಷರ ಕೆಟ್ಟು ಥೈಮಿನ್ ಎಂಬ ಇನ್ನೊಂದು ಅಕ್ಷರದಂತೆ ಓದಿಸಿಕೊಳ್ಳುತ್ತದೆ. ಆ ಕೇಡು ಕಂಡರೇನೇ ಅದು ನಿಜವಾಗಿಯೂ ಹಳೆಯದು, ಲ್ಯಾಬಿನವರ ಕೈಯಿಂದ ಅಂಟಿದ್ದಲ್ಲ ಎಂದು ನಂಬಿಕೆ. ಇನ್ನೂ ವಿಚಿತ್ರವೆಂದರೆ, ಕಾರ್ಸ್‌ಡೋರ್ಫ್‌ನವನ ವೈರಸ್ಸಿಗೆ ಹತ್ತಿರದ ನಂಟರು ಸಿಕ್ಕಿದ್ದು ಇಂದಿನ ಆಫ್ರಿಕಾದ ಚಿಂಪಾಂಜಿ, ಗೊರಿಲ್ಲಾಗಳ ವೈರಸ್‌ಗಳಲ್ಲಿ.

ಜನ ಎಲ್ಲಿಂದ ಎಲ್ಲಿಗೆ ಹೋದರೆಂದು ತಿಳಿಯಲು ಈ ವೈರಸ್ ಒದಗುವುದಕ್ಕೆ ಕಾರಣವಿದೆ. ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿಗೆ ದಾಟಿದರೆ ಬಹುಪಾಲು ಜೀವನಪೂರ್ತಿ ಯಕೃತ್ತಿನಲ್ಲೇ ಉಳಿಯುತ್ತದೆ, ಹೆಚ್ಚಿನವರಿಗೆ ಕಾಮಾಲೆಯೂ ಕಾಣಿಸಿಕೊಳ್ಳುವುದಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಕೂಸು ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಕೊಡುವುದು ಇದಕ್ಕೇ. ಮನೆತನದ ಜೊತೆಗೇ ಊರು ಬಿಟ್ಟು ಊರಿಗೆ ಹೋಗುವ ವೈರಸ್ ಇದು. ಮನೆತನ ಹೋದಲ್ಲೆಲ್ಲ ವೈರಸ್ಸೂ ಹೋಗಿರಬೇಕು ಎಂದುಕೊಂಡಿದ್ದೆ.

ವಾಪಸು ಬರುವಾಗ ಫ್ರೈಬುರ್ಗ್‌ನಲ್ಲಿ ಇಳಿದೆವು, ಅಕ್ಕನ ಮಗಳ ಆಸೆಯೂ ತೀರಿತು. ಅಲ್ಲಿನ ವೈನ್ ನನಗೆ ಹುಳಿಯೆನಿಸಿತು. ಹೆಚ್ಚು ಬರೆಯಲು ಏನಿಲ್ಲ.

ಮರುದಿನ ಹಾಲೆ ನಗರದ ಪ್ರಾಗಿತಿಹಾಸ ಮ್ಯೂಸಿಯಂ. ಸೋಮವಾರ ಬಾಗಿಲು ಹಾಕಿರುತ್ತದೆ, ಹೋಗುವವರು ನೆನಪಿಟ್ಟುಕೊಳ್ಳಿ. ಎಲ್ಲರೂ ನೆಬ್ರಾದ ಆಕಾಶ ತಟ್ಟೆಯ ಕತ್ತಲ ಕೋಣೆಗೆ ನುಗ್ಗುತ್ತಾರೆ. ಕಂಚಿನ ಮೇಲೆ ಚಿನ್ನದ ಚಂದ್ರ, ಚುಕ್ಕಿಗಳು, ಚೆಂದವೇ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಓಯ್ಲೌ ಎಂಬ ಊರಿನ ಗೋರಿಗಳು. ಆ ಊರು ನೌಂಬುರ್ಗ್‌ನ ಪಕ್ಕದಲ್ಲೇ ಇದೆ. ಸುಮಾರು 4600 ವರ್ಷದ ಹಿಂದೆ ಕೊಲೆಯಾದವರನ್ನು ಅಲ್ಲಿ ಒಟ್ಟೊಟ್ಟಿಗೆ ಹೂತಿದ್ದಾರೆ. ಒಂದು ಗೋರಿಯಲ್ಲಿ ಅಪ್ಪ, ಅಮ್ಮ, ಇಬ್ಬರು ಗಂಡುಮಕ್ಕಳು. ಅವರು ತಂದೆತಾಯಿ ಮಕ್ಕಳೇ ಎಂದು ಡಿಎನ್‌ಎ ಹೇಳಿದ್ದು 2008ರಲ್ಲಿ. ಅಪ್ಪನಿಂದ ಗಂಡುಮಕ್ಕಳಿಗಷ್ಟೇ ದಾಟುವ ವೈ ಕ್ರೋಮೋಸೋಮ್ ಇವರಲ್ಲಿ ಆರ್1ಎ ಎಂಬ ಗುಂಪಿನದು. ಆ ಗುಂಪು ಇಂದು ಭಾರತದಲ್ಲೂ ಧಾರಾಳವಾಗಿದೆ. ಇವರು ಹಗ್ಗದಚ್ಚಿನ ಮಡಕೆಯ ಜನ, ಕಪ್ಪು ಸಮುದ್ರದಾಚೆಯ ಹುಲ್ಲುಗಾವಲಿನಿಂದ ಬಂದ ಪಶುಪಾಲಕರ ಕುಲದವರು. ಇಂಥವರು ಬಂದ ಮೇಲೆ ಮಧ್ಯ ಯುರೋಪಿನ ಜನರ ಜೀನುಗಳೇ ಬದಲಾದವು.

"ಹಾಗಾದ್ರೆ ವೈರಸ್ಸೂ ಬದಲಾಗಿರ್ಬೇಕಲ್ಲ ಮಾಮಾ?"

ಬದಲಾಗಲಿಲ್ಲ. ಇಷ್ಟು ದೂರ ಬಂದದ್ದು ಈ ಒಂದು ಮಾತಿಗೇ ಎನ್ನಬೇಕು. ಯುರೇಷ್ಯಾ ಮತ್ತು ಅಮೆರಿಕದ ಹಳೆಯ ಎಲುಬು, ಹಲ್ಲುಗಳಿಂದ ತೆಗೆದ 137 ಹೆಪಟೈಟಿಸ್ ಬಿ ಜೀನೋಮ್‌ಗಳ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅತಿ ಹಳೆಯದಕ್ಕೆ ಸುಮಾರು 10,500 ವರ್ಷ, ಇತ್ತೀಚಿನದಕ್ಕೆ 400. ಬೇಸಾಯಗಾರರು ಬಂದಾಗ ಬೇಟೆಗಾರರ ವೈರಸ್ ಹೋಗಿ ಅವರದು ಕೂತಿತು, ನಿರೀಕ್ಷಿಸಿದಂತೆಯೇ. ಹುಲ್ಲುಗಾವಲಿನವರು ಬಂದಾಗ ಹಾಗಾಗಲಿಲ್ಲ. ಬೇಸಾಯಗಾರರ ಹಳೆಯ ವೈರಸ್ಸೇ ಮುಂದುವರಿಯಿತು. ಹೊಸಬರು ಊರಿನ ಮನೆಗಳನ್ನೆಲ್ಲ ಕೊಂಡರೂ ನೀರು ಸೇದಿದ್ದು ಹಳೆಯ ಬಾವಿಯಿಂದಲೇ ಎಂಬಂತೆ. ಅಂದರೆ ಬಂದವರೂ ಇದ್ದವರೂ ಒಬ್ಬರಿಗೊಬ್ಬರು ರಕ್ತ ತಾಗುವಷ್ಟು ಹತ್ತಿರದಲ್ಲಿ ಬಾಳಿದ್ದಾರೆ. ಮನುಷ್ಯರ ಜೀನುಗಳನ್ನಷ್ಟೇ ಓದಿದರೆ ಯಾರು ಯಾರ ಜಾಗಕ್ಕೆ ಬಂದರೆಂಬ ಲೆಕ್ಕ ಸಿಗುತ್ತದೆ; ಈ ಒಡನಾಟ ಅಷ್ಟು ಸುಲಭವಾಗಿ ಕಾಣದು. ಮನೆತನ ಹೋದಲ್ಲೆಲ್ಲ ಎಂಬ ನನ್ನ ಸೂತ್ರ ಆ ಗೋರಿಯ ಮುಂದೆ ನಿಲ್ಲಲಿಲ್ಲ.

ಆ ಬೇಸಾಯಗಾರರ ವೈರಸ್ ಸುಮಾರು 4000 ವರ್ಷ ಯುರೋಪನ್ನು ಆಳಿ, ಕ್ರಿ.ಪೂ. ಎರಡನೇ ಸಹಸ್ರಮಾನದ ಉತ್ತರಾರ್ಧದಲ್ಲಿ ಥಟ್ಟನೆ ಕುಸಿಯಿತು. ಆಮೇಲೆ ಬೇರೆ ತಳಿಗಳು ಬಂದವು. ಪೂರ್ತಿ ಅಳಿಯಿತೆನ್ನುವಂತಿಲ್ಲ: ಆ ವಂಶದ ಒಂದೇ ಒಂದು ಕುಡಿ ಈಗಲೂ ಇದೆ. 2000ರಲ್ಲಿ ಫ್ರಾನ್ಸ್ ಮತ್ತು ಅಮೆರಿಕದ ರೋಗಿಗಳ ರಕ್ತದಲ್ಲಿ ಅದನ್ನು ಗುರುತಿಸಿ ‘ಜಿ’ ಎಂದು ಹೆಸರಿಟ್ಟರು. ಅದು ಹೆಚ್ಚಾಗಿ ಸಿಗುವುದು ಹೆಪಟೈಟಿಸ್ ಬಿಯ ಇನ್ನೊಂದು ತಳಿಯ ಜೊತೆಯಲ್ಲಿ, ಅನೇಕರಲ್ಲಿ ಎಚ್‌ಐವಿಯ ಜೊತೆಗೂ.