ಹಿಮವಿಲ್ಲದ ಊರಿನ ಹಿತ್ತಲು

ನೆಲಮಾಳಿಗೆಯಲ್ಲಿ ದೀಪದ ಕೆಳಗಿಟ್ಟಿದ್ದ ನನ್ನ ಮೆಣಸಿನಕಾಯಿಯ ಅಗಿಗಳನ್ನು, ಅಂದರೆ ಎಳೆ ಸಸಿಗಳನ್ನು, ನೋಡುತ್ತ ನಿಂತಿದ್ದ ಪಕ್ಕದ ಮನೆಯ ಹಿರಿಯ ಮಹಿಳೆ, "ನಿಮ್ಮೂರಿನಲ್ಲಿ ಬೀಜ ಹಾಕುವುದು ಯಾವ ತಿಂಗಳಲ್ಲಿ?" ಎಂದು ಕೇಳಿದರು. ವಿಜಯಪುರದಲ್ಲಿ ಹಿಮ ಬೀಳುವುದಿಲ್ಲ, ನೀರೊಂದಿದ್ದರೆ ಹನ್ನೆರಡು ತಿಂಗಳೂ ಒಂದಿಲ್ಲೊಂದು ಪಲ್ಲೆ ಬೆಳೆಯಬಹುದು ಎಂದೆ. ಅವರು ಸಂತೋಷದಿಂದ, "ಹಾಗಾದರೆ ಅಲ್ಲಿ ಪ್ರತಿ ಮನೆಗೂ ತೋಟವಿರಬೇಕು" ಎಂದರು. ಹೌದೆನ್ನಲು ನನಗೆ ಬಾಯಿ ಬರಲಿಲ್ಲ.

ನಾನೀಗ ಇರುವ ಅಮೆರಿಕದ ಮಿನಿಯಾಪೊಲಿಸ್ ನಗರವಿರುವುದು ಹೆಚ್ಚುಕಡಿಮೆ 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮಾರ್ಚ್ ಬಂದರೂ ನೆಲದೊಳಗೆ ಸಲಿಕೆ ಇಳಿಯುವುದಿಲ್ಲ, ಇಬ್ಬನಿ ಹೆಪ್ಪುಗಟ್ಟುವ ಕೊನೆಯ ದಿನ ಕಳೆಯುವುದು ಮೇ ತಿಂಗಳಲ್ಲಿ. ಆದ್ದರಿಂದ ಇಲ್ಲಿಯವರು ಆ ದಿನದಿಂದ ಹಿಂದಕ್ಕೆ ವಾರಗಳನ್ನು ಎಣಿಸುತ್ತಾರೆ: ಉಳ್ಳಾಗಡ್ಡಿಯ ಬೀಜ ಫೆಬ್ರುವರಿಯಲ್ಲಿ, ಮೆಣಸಿನದು ಎಂಟರಿಂದ ಹತ್ತು ವಾರ ಮೊದಲು, ಟೊಮ್ಯಾಟೊ ಆರರಿಂದ ಎಂಟು ವಾರ ಮೊದಲು, ಎಲ್ಲವೂ ಮನೆಯೊಳಗೆ. ಮೆಣಸಿನ ಬೀಜ ಚೆನ್ನಾಗಿ ಮೊಳೆಯಲು ಮಣ್ಣು 25ರಿಂದ 30 ಡಿಗ್ರಿಯಷ್ಟು ಬೆಚ್ಚಗಿರಬೇಕಾದ್ದರಿಂದ ಟ್ರೇಯ ಕೆಳಗೆ ವಿದ್ಯುತ್ತಿನ ಚಾಪೆ ಹಾಸುತ್ತಾರೆ. ಕಿಟಕಿಯ ಬೆಳಕು ಸಾಲದೆ ಅಗಿಗಳು ಉದ್ದುದ್ದ ಬೆಳೆದು ಬೀಳುತ್ತವೆ ಎಂದು ದೀಪವನ್ನು ಎಲೆಗಳಿಂದ ನಾಲ್ಕು ಬೆರಳು ಮೇಲಕ್ಕೆ ಇಳಿಬಿಟ್ಟು ದಿನಕ್ಕೆ 14ರಿಂದ 16 ಗಂಟೆ ಉರಿಸುತ್ತಾರೆ. ಮೇಲಿನಿಂದ ನೀರು ಸುರಿದರೆ ಬುಡ ಕೊಳೆಯಬಹುದೆಂದು ಕೆಳಗಿನ ತಟ್ಟೆಯಲ್ಲಿ ನೀರಿಟ್ಟು ಮಣ್ಣೇ ಹೀರಿಕೊಳ್ಳಲು ಬಿಡುತ್ತಾರೆ. ಆ ಹಿರಿಯರು ನನ್ನ ಅಗಿಗಳ ಮೇಲೆ ಅಂಗೈಯನ್ನು ಮೃದುವಾಗಿ ಆಡಿಸಿ, ದಿನವೂ ಹೀಗೆ ಮಾಡಿದರೆ ಗಾಳಿಯಲ್ಲಿ ಬೆಳೆದಂತೆ ದಂಟು ಗಟ್ಟಿಯಾಗುತ್ತದೆ ಎಂದು ತೋರಿಸಿದರು. ಒಂದು ಅಗಿಯ ಎಲೆತುದಿಗೆ ಬೀಜದ ಸಿಪ್ಪೆ ಇನ್ನೂ ಅಂಟಿಕೊಂಡಿತ್ತು. ಅವರು ಬೆರಳನ್ನು ಒದ್ದೆ ಮಾಡಿ ಅದನ್ನು ನೆನೆಯಿಸಿದರು, ಕೀಳಲಿಲ್ಲ. ಇಷ್ಟು ಜೋಪಾನ ಮಾಡಿದ ಮೇಲೂ ಮೇ ತಿಂಗಳಲ್ಲಿ ವಾರಕ್ಕೂ ಹೆಚ್ಚು ಕಾಲ ದಿನಕ್ಕಿಷ್ಟು ಹೊತ್ತೆಂದು ಹೊರಗಿಟ್ಟು, ಬಿಸಿಲಿಗೆ ರೂಢಿ ಮಾಡಿಸಿಯೇ ಮಡಿಗೆ ನಾಟಬೇಕು.

ನಮ್ಮ ಅವ್ವ ಇದರಲ್ಲಿ ಒಂದನ್ನೂ ಮಾಡಿದವಳಲ್ಲ. ಬಚ್ಚಲಿನ ನೀರು ಹರಿದುಹೋಗುವ ಕಾಲುವೆಯ ಗುಂಟ ಬಾಳೆ, ಕರಿಬೇವು, ನುಗ್ಗೆ ಇದ್ದವು. ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರನ್ನು ಬೇರೆ ಪಾತ್ರೆಯಲ್ಲಿ ಹಿಡಿದು ಮೆಂತ್ಯ, ಕೊತ್ತಂಬರಿ, ರಾಜಗಿರಿಯ ಮಡಿಗಳಿಗೆ ಹಾಕುತ್ತಿದ್ದಳು. ಕೊತ್ತಂಬರಿಯ ಒಂದು ಕಾಳಿನಲ್ಲಿ ಎರಡು ಬೀಜಗಳಿರುವುದರಿಂದ ಚಪ್ಪಲಿಯ ಅಡಿಯಲ್ಲಿ ಮೆಲ್ಲಗೆ ಒರೆಸಿ ಹೋಳು ಮಾಡಿಯೇ ಬಿತ್ತುತ್ತಿದ್ದಳು. ರೊಟ್ಟಿ ತಟ್ಟುವ ಹೊತ್ತಿಗೆ ನಮ್ಮನ್ನು ಹಿತ್ತಲಿಗೆ ಅಟ್ಟಿದರೆ ಹಸಿ ಮೆಂತ್ಯ ಕಿತ್ತು ತರುತ್ತಿದ್ದೆವು.

ಈಗ ಅದೇ ಜಾಗದಲ್ಲಿ ಅಣ್ಣನ ಹೊಸ ಮನೆ ಇದೆ. ಗೋಡೆಯಿಂದ ಗೋಡೆಯವರೆಗೆ ಫರಶಿ ಕಲ್ಲು ಹಾಸಿದ್ದಾರೆ. ಆ ಓಣಿಯ ಯಾವ ಮನೆಯ ಅಂಗಳದಲ್ಲಿಯೂ ಮಣ್ಣು ಕಾಣುವುದಿಲ್ಲ, ಕುಂಡದಲ್ಲೊಂದು ತುಳಸಿ ಇದ್ದರೆ ಹೆಚ್ಚು. ಅಂದು ರಾತ್ರಿ ಫೋನಿನಲ್ಲಿ ಈ ಸಂಕಟವನ್ನು ಹೇಳಿಕೊಂಡಾಗ ಅಣ್ಣನ ಹೆಂಡತಿ, ನಮ್ಮ ವೈನಿ, "ಅಲ್ಲವ್ವಾ ತಂಗಿ, ನೀರ ಬರೂದ ವಾರಕ್ಕೊಮ್ಮೆ. ಬಳಸಾಕ ಸಾಲೂದಿಲ್ಲ, ಪಲ್ಲೆಕ್ಕ ಎಲ್ಲಿಂದ ಹಾಕಲಿ?" ಎಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಆಲಮಟ್ಟಿಯ ಜಲಾಶಯ ನಮ್ಮದೇ ಜಿಲ್ಲೆಯಲ್ಲಿದ್ದರೂ ನಲ್ಲಿಯ ನೀರಿಗೆ ಕಾಯುವುದು ತಪ್ಪಿಲ್ಲ.

ಆದರೆ ಅವ್ವನ ಕಾಲದಲ್ಲೇನೂ ನೀರು ಹೆಚ್ಚಿರಲಿಲ್ಲ, ಬಾವಿಯಿಂದ ಸೇದಿ ಹೊತ್ತು ತರಬೇಕಿತ್ತು ಎಂಬುದು ಆ ಮೇಲೆ ಹೊಳೆಯಿತು. ಹಿತ್ತಲನ್ನು ಒಣಗಿಸಿದ್ದು ಫರಶಿಗಿಂತ ಹೆಚ್ಚಾಗಿ ಅದರ ಕೆಳಗೆ ಹುದುಗಿಸಿದ ಕೊಳವೆ. ಮಿಂದ ನೀರು, ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಎಲ್ಲವೂ ಈಗ ಒಂದೇ ಕೊಳವೆಯೊಳಗೆ ಸೇರಿ ಚರಂಡಿಯ ಪಾಲಾಗುತ್ತಿವೆ. 1651ರಲ್ಲಿ ಬೇಗಂ ತಲಾಬ್ ಎಂಬ ಕೆರೆ ಕಟ್ಟಿ, ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ತಂದ ನಗರದಲ್ಲಿ, ಬಳಸಿದ ನೀರಿಗೆ ಇನ್ನೊಂದು ಬಾಳು ಕೊಡುವುದನ್ನು ನಾವು ಹೇಗೆ ಬಿಟ್ಟೆವು ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ನಾನು ಇಲ್ಲಿ ಕರೆಂಟಿನಿಂದ ತರಿಸಿಕೊಳ್ಳುವ ಬಿಸಿಲು ಅಲ್ಲಿ ಬರೀ ಫರಶಿಯನ್ನು ಕಾಯಿಸುತ್ತಿದೆ.

ವೈನಿಗೆ ಮರುದಿನ ಮತ್ತೆ ಫೋನು ಮಾಡಿ ಇದನ್ನೇ ಹೇಳಿದೆ. ಅಣ್ಣ ಮೊದಲು ಗೊಣಗಿದರೂ ಬಚ್ಚಲಿನ ಹಿಂದಿನ ಮೂಲೆಯ ಫರಶಿಗಳನ್ನು ತೆಗೆಸಲು ಒಪ್ಪಿದ್ದಾನೆ. ಸಾಬೂನಿನ ನೀರನ್ನು ಎಳೆ ಪಲ್ಲೆಗೆ ಹಾಕದೆ ಬಾಳೆ, ನುಗ್ಗೆಗೆ ಬಿಟ್ಟು, ಅಕ್ಕಿ ಬೇಳೆ ತೊಳೆದ ನೀರನ್ನು ಮಡಿಗೆ ಹಾಕುವುದೆಂದು ಮಾತಾಗಿದೆ. ಮಾರ್ಚ್ ತಿಂಗಳ ಬಿಸಿಲಿಗೆ ಮೆಂತ್ಯ ಏಳುವುದು ಕಷ್ಟ, ಆದ್ದರಿಂದ ಬಿಸಿಲು ತಡೆಯುವ ಪುಂಡಿಪಲ್ಲೆ, ಬಸಳೆಗಳನ್ನು ಈಗ ಹಾಕಿ, ಮೆಂತ್ಯ ಕೊತ್ತಂಬರಿಗಳನ್ನು ದಸರೆ ಕಳೆದ ಮೇಲೆ ನೋಡೋಣ ಎಂದು ವೈನಿಯೇ ತೀರ್ಮಾನಿಸಿದ್ದಾರೆ.