ಕೊನೆಗೂ ಕರಕರ ನಿಂತಿತು

ಮೂರು ವಾರ ತಿಂದ ಕಾಟ ಇದು. ರಾಸ್ಪ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್, ಹಳೇ ಗೇಮ್ ಯಂತ್ರಗಳನ್ನು ಅನುಕರಿಸುವ ರೆಟ್ರೋಆರ್ಚ್ ತಂತ್ರಾಂಶ, ಸೂಪರ್ ನಿಂಟೆಂಡೊ ಆಟಗಳು. ಹಾಲ್‌ನ ಹಳೇ ಟಿವಿಗೆ ಹಾಕಿದ ದಿನದಿಂದ ಸದ್ದು ಹಪ್ಪಳ ಮುರಿದ ಹಾಗೆ.

ಮೊದಲು ಆಡಿಯೋ ಲೇಟೆನ್ಸಿಯನ್ನು, ಅಂದರೆ ಸದ್ದನ್ನು ಮುಂಗಡವಾಗಿ ಕೂಡಿಟ್ಟುಕೊಳ್ಳುವ ಅವಧಿಯನ್ನು, 64 ಮಿಲಿಸೆಕೆಂಡಿನಿಂದ 128ಕ್ಕೆ, ಆಮೇಲೆ 256ಕ್ಕೆ ಏರಿಸಿದೆ. ಕರಕರ ಸ್ವಲ್ಪ ತಡವಾಗಿ ಶುರುವಾಯಿತು, ಅಷ್ಟೇ. ಪೈನ ಆಡಿಯೋ ಜ್ಯಾಕ್ ಮೇಲೆ ಗುಮಾನಿ ಬಂದು ಯುಎಸ್‌ಬಿ ಸೌಂಡ್ ಕಾರ್ಡ್ ತರಿಸಿದೆ. ಒಂಬತ್ತು ದಿನ ಕಾಯಿಸಿ ಮಾರಾಟಗಾರ ಕಳಿಸಿದ್ದು ಬರೀ ಮೈಕ್ ಅಡಾಪ್ಟರ್! ಫೋನ್ ಮಾಡಿದರೆ 'ಅದೂ ಆಡಿಯೋನೇ ಅಲ್ವಾ ಸಾರ್' ಅಂದ.

ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ (ಫ್ರೇಮ್‌ಗಳ) ಲೆಕ್ಕ ನೋಡಿದರೆ 50. ಇರಬೇಕಾದ್ದು 60ರ ಆಸುಪಾಸು. ಪೈ ಸುಸ್ತಾಗಿದೆ ಎಂದುಕೊಂಡೆ. ವೋಲ್ಟೇಜ್ ಸರಿಯಿತ್ತು. ಸಿಪಿಯು ವೇಗ ನಿಯಂತ್ರಿಸುವ ಗವರ್ನರ್ ಬದಲಿಸಿದೆ, ಓವರ್‌ಕ್ಲಾಕ್ ಮಾಡಿ ವೇಗ ಹೆಚ್ಚಿಸಿದೆ, ಆಟ ನಡೆಸುವ ಎಮ್ಯುಲೇಟರನ್ನೇ (ಕೋರ್) ಬದಲಿಸಿ ಹಗುರವಾದದ್ದು ಹಾಕಿದೆ. ಆಗಲೂ 50. ಅಲ್ಲೇ ಅನುಮಾನ ಬಂತು. ಸುಸ್ತಾದ ಸಿಪಿಯು ಒಮ್ಮೆ 43, ಒಮ್ಮೆ 57 ಅಂತ ಏದುಸಿರು ಬಿಡಬೇಕು. ಇದು ಗೆರೆ ಎಳೆದ ಹಾಗೆ 50ಕ್ಕೇ ನಿಂತಿದೆ. ಯಾರೋ ಬಾಗಿಲಲ್ಲಿ ನಿಂತು ಎಣಿಸಿ ಬಿಡುತ್ತಿದ್ದಾರೆ.

ಟಿವಿಯ ತಾಳಕ್ಕೆ ಫ್ರೇಮ್‌ಗಳನ್ನು ಹೊಂದಿಸುವ ವಿಸಿಂಕ್ ಆಫ್ ಮಾಡಿದೆ. ಸದ್ದು ಶುದ್ಧ, ಚಿತ್ರ ಹರಿದು ಚಿಂದಿ! ಕಳ್ಳ ಸಿಕ್ಕಿದ. 50 ಹರ್ಟ್ಸ್‌ನ ಹಳೇ ಟಿವಿ ಪದ್ಧತಿಯಾದ ಪಾಲ್ ಕಾಲದ ಅಭ್ಯಾಸವೋ ಏನೋ, ಟಿವಿ ಪೈ ಹತ್ತಿರ 1080ಪಿ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಚಿತ್ರ, ಕೇಳಿ ಪಡೆದಿತ್ತು. ಆಟಕ್ಕೆ ಬೇಕಾದ್ದು 60.0988. ಒಂದು ಫ್ರೇಮಿಗೆ ಸುಮಾರು 533 ಸ್ಯಾಂಪಲ್ (ಸದ್ದಿನ ಚೂರು) ಹುಟ್ಟುತ್ತದೆ. ಸೆಕೆಂಡಿಗೆ 50 ಫ್ರೇಮ್ ಆದರೆ 26,600 ಚಿಲ್ಲರೆ. ಬೇಕಾದ್ದು 32,000. ಸದ್ದಿನ ವೇಗವನ್ನು ತುಸು ಹಿಗ್ಗಿಸಿ ಕುಗ್ಗಿಸುವ ರೆಟ್ರೋಆರ್ಚ್‌ನ ಡೈನಾಮಿಕ್ ರೇಟ್ ಕಂಟ್ರೋಲ್ ಸರಿದೂಗಿಸುವುದು ಅರ್ಧ ಪರ್ಸೆಂಟ್, ಇಲ್ಲಿ ಕೊರತೆ ಹದಿನೇಳು. ಲೇಟೆನ್ಸಿ ಏರಿಸಿದ್ದು ತೂತು ಬಿಂದಿಗೆ ಬದಲು ತೂತು ಹಂಡೆ ತಂದಂತೆ.

ಪೈನ ಕಾನ್ಫಿಗ್ ಫೈಲ್‌ನಲ್ಲಿ ಎಚ್‌ಡಿಎಂಐ ಗ್ರೂಪ್ 1, ಮೋಡ್ 16 (1080ಪಿ 60 ಹರ್ಟ್ಸ್‌ನ ಸಂಕೇತ) ಎಂದು ಬರೆದು ರೀಬೂಟ್ ಮಾಡಿದೆ. 60 ಹರ್ಟ್ಸ್. ಉಳಿದ ಚೂರುಪಾರು ವ್ಯತ್ಯಾಸವನ್ನು ರೇಟ್ ಕಂಟ್ರೋಲ್ ನುಂಗಿಕೊಂಡಿತು. ಲೇಟೆನ್ಸಿ ವಾಪಸ್ 64. ಓವರ್‌ಕ್ಲಾಕ್ ಕೂಡ ತೆಗೆದೆ, ಸುಮ್ನೆ ಬಿಸಿ ಮಾಡುತ್ತಿತ್ತು.

ಅಂದ ಹಾಗೆ, ಮನೆಯ ಬಾಗಿಲು ಮಾಡಿಸಿದಾಗ ಉಳಿದ ಹಲಸಿನ ಹಲಗೆ ಒಂದಿದೆ. ಅದರಲ್ಲಿ ಈ ಆಟಗಳಿಗೆ ಆರ್ಕೇಡ್ ಸ್ಟಿಕ್ (ಕೋಲು, ಗುಂಡಿಗಳ ನಿಯಂತ್ರಕ) ಪೆಟ್ಟಿಗೆ ಮಾಡಬೇಕು. ಗುಂಡಿಗೆ 30 ಮಿಲಿಮೀಟರ್ ತೂತು ಕೊರೆಯುವ ಬಿಟ್ ನನ್ನಲ್ಲಿಲ್ಲ, ಬಡಗಿ ಕೊಡುವುದಿಲ್ಲ. ಆನ್‌ಲೈನ್‌ನಲ್ಲಿ ತರಿಸಲು ಈಗ ಧೈರ್ಯ ಸಾಲದು. ಮೈಕ್ ಅಡಾಪ್ಟರ್ ಇನ್ನೂ ಮೇಜಿನ ಮೇಲೇ ಇದೆ. ವಾಪಸ್ ಕಳಿಸುವ ಗಡುವು ನಿನ್ನೆಗೆ ಮುಗಿಯಿತು.